ಡಿಜೆ ಮಾಡೋಕೆ ಟ್ಯಾಬ್ಲೆಟ್ ಒಂದೇ ಸಾಕಾ, ಕಂಟ್ರೋಲರ್ ಬೇಕೇ ಬೇಕಾ?

ಎರಡನೇಡೆಕ್

ಎಲ್ಲರಿಗೂ ನಮಸ್ಕಾರ. ನಾನು ಐಪ್ಯಾಡ್‌ನಲ್ಲಿ ಡಿಜೇ ಪ್ರೊ ಆ್ಯಪ್ ಹಾಕಿಕೊಂಡು ಮಿಕ್ಸ್ ಮಾಡುತ್ತೇನೆ. ಹೆಚ್ಚಾಗಿ ಹೌಸ್, ಡಿಸ್ಕೊ, ಸ್ವಲ್ಪ ಹಿಪ್‌ಹಾಪ್. ಇಲ್ಲಿಯವರೆಗೆ ಗೆಳೆಯರ ಪಾರ್ಟಿಗಳಲ್ಲಿ ಮಾತ್ರ ಪ್ಲೇ ಮಾಡಿದ್ದೇನೆ. ಈಗ ಸರಿಯಾದ ಸೌಂಡ್ ಸಿಸ್ಟಂ ಇರುವ ಒಂದು ದೊಡ್ಡ ಹಾಲ್‌ನಲ್ಲಿ ನಾಲ್ಕು ಗಂಟೆ ಪ್ಲೇ ಮಾಡಲು ಕರೆದಿದ್ದಾರೆ.

ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟ್ಯಾಬ್ಲೆಟ್ ಅಂದ್ರೆ ಆಟದ ಸಾಮಾನು ಅನ್ನುವವರಿದ್ದಾರೆ, ಆ್ಯಪ್‌ನಲ್ಲೇ ಎಲ್ಲ ಇರುವಾಗ ಕಂಟ್ರೋಲರ್ (ಆ್ಯಪ್ ನಡೆಸಲು ನಾಬ್, ಬಟನ್ ಇರುವ ಪೆಟ್ಟಿಗೆ) ಸುಮ್ನೆ ಹೊರೆ ಅನ್ನುವವರೂ ಇದ್ದಾರೆ. ನನಗೆ ಬೇಕಿರುವುದು ನಿಜವಾಗಿ ಜನರ ಮುಂದೆ ಪ್ಲೇ ಮಾಡಿದವರ ಮಾತು.

ನನಗೆ ಕಷ್ಟ ಆಗುವ ಜಾಗ ಹೇಳುತ್ತೇನೆ. ಒಂದು ಹಾಡಿನ ಬೇಸ್ (ತಗ್ಗು ಸದ್ದು) ಇಳಿಸುತ್ತಾ ಇನ್ನೊಂದರ ಬೇಸ್ ಏರಿಸಬೇಕಾದಾಗ ಎರಡೂ ಬೆರಳು ಸರಿಯಾದ ಜಾಗದಲ್ಲಿವೆಯಾ ಅಂತ ಪರದೆ ನೋಡುತ್ತಲೇ ಇರಬೇಕು. ಕಣ್ಣು ಆಚೆ ಹೊರಳಿಸಿದರೆ ಬೆರಳು ಜಾರುತ್ತದೆ. ಮತ್ತೆ, ಹೆಡ್‌ಫೋನ್‌ನಲ್ಲಿ ಮುಂದಿನ ಹಾಡು ಕೇಳಿ ನೋಡುವ ಅಭ್ಯಾಸ ನನಗಿಲ್ಲ. ಪರದೆ ಮೇಲಿನ ವೇವ್‌ಫಾರ್ಮ್ (ಸದ್ದಿನ ಏರಿಳಿತದ ಚಿತ್ರ) ನೋಡಿ, ಎರಡು ಹಾಡಿನ ಬೀಟ್ ತಾನೇ ಸೇರಿಸುವ ಸಿಂಕ್ ಒತ್ತಿ ಬಿಡುತ್ತೇನೆ. ನಾಲ್ಕು ಗಂಟೆಯ ಕೆಲಸಕ್ಕೆ ಇದು ಸಾಕಾಗುತ್ತದಾ?

ಬೇಸ್‌ಕಟ್

ನೀವು ಹೇಳಿದ ಆ ಬೇಸ್ ವಿಷಯ ಇದೆಯಲ್ಲ, ಕಂಟ್ರೋಲರ್ ಯಾಕೆ ಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ನಾಬ್ ಹಿಡಿದಾಗ ಎರಡು ಸಂಗತಿ ಬೆರಳಿಗೇ ತಿಳಿಯುತ್ತವೆ. ಒಂದು, ನಾಬ್ ಎಲ್ಲಿದೆ ಅಂತ. ಇನ್ನೊಂದು, ಅದು ಎಷ್ಟು ತಿರುಗಿದೆ ಅಂತ. ನೆಟ್ಟಗೆ ಮಧ್ಯಕ್ಕೆ ಬಂದಾಗ ಟಕ್ ಅಂತ ಒಂದು ಸಣ್ಣ ತಡೆ ಸಿಗುತ್ತದೆ. ಪೂರ್ತಿ ಎಡಕ್ಕೆ ಹೋದರೆ ಅಲ್ಲೇ ನಿಲ್ಲುತ್ತದೆ. ಕತ್ತಲಲ್ಲೂ ಗೊತ್ತಾಗುತ್ತದೆ, ಎದುರಿಗೆ ನಿಂತವರ ಮುಖ ನೋಡುತ್ತಿದ್ದರೂ ಗೊತ್ತಾಗುತ್ತದೆ. ಗಾಜಿನ ಮೇಲೆ ಈ ಯಾವುದೂ ಇಲ್ಲ. ಗಾಜು ಎಲ್ಲ ಕಡೆ ಒಂದೇ ನುಣುಪು.

ಲೆಕ್ಕ ಹಾಕಿ ನೋಡಿ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಹಾಡಿನಲ್ಲಿ 16 ಬಾರ್ (ಒಂದು ಬಾರ್‌ಗೆ ನಾಲ್ಕು ಬೀಟ್) ಅಂದರೆ ಸರಿಯಾಗಿ 30 ಸೆಕೆಂಡ್. ಹೌಸ್‌ನಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಲು ಸಾಮಾನ್ಯವಾಗಿ ಸಿಗುವ ಜಾಗ ಅಷ್ಟೇ. ಆ 30 ಸೆಕೆಂಡ್‌ನಲ್ಲಿ ಹೊಸ ಹಾಡಿನ ಫೇಡರ್ (ಸದ್ದಿನ ಮಟ್ಟದ ಜಾರುಗುಂಡಿ) ಏರಿಸಬೇಕು, ಹೈ (ಚೂಪು ಸದ್ದು) ಸ್ವಲ್ಪ ತೆರೆಯಬೇಕು, ಹೊಸ ಸಾಲು ಶುರುವಾಗುವ ಕ್ಷಣಕ್ಕೆ ಎರಡರ ಬೇಸ್ ಅದಲು ಬದಲು ಆಗಬೇಕು. ಎರಡು ಬೇಸ್‌ಲೈನ್ ಒಟ್ಟಿಗೆ ಬಿದ್ದರೆ ದೊಡ್ಡ ಸ್ಪೀಕರ್‌ನಲ್ಲಿ ಬರೀ ಗುಂಯ್ ಅನ್ನುವ ಸದ್ದು ಉಳಿಯುತ್ತದೆ. ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಗೆಳೆಯರ ಮನೆಯ ಸಣ್ಣ ಸ್ಪೀಕರ್‌ನಲ್ಲಿ ಇದು ಕೇಳಿಸುವುದೇ ಇಲ್ಲ, ದೊಡ್ಡ ಸಬ್ (ಬೇಸ್ ಸ್ಪೀಕರ್) ಇರುವ ಕಡೆ ಎದೆಗೆ ಹೊಡೆಯುತ್ತದೆ. ಅದಕ್ಕೇ ಮನೆಯಲ್ಲಿ ಚೆನ್ನಾಗಿಯೇ ಇದ್ದ ಮಿಕ್ಸ್ ಹಾಲ್‌ನಲ್ಲಿ ಕೆಸರಾಗುವುದು.

ಇನ್ನು ಬೆವರು. ನಾಲ್ಕು ಗಂಟೆ, ಲೈಟ್ ಕೆಳಗೆ, ಜನರ ನಡುವೆ. ಒದ್ದೆ ಬೆರಳನ್ನು ಟಚ್ ಸ್ಕ್ರೀನ್ ಸರಿಯಾಗಿ ಗುರುತಿಸುವುದಿಲ್ಲ. ಒಂದು ಹನಿ ನೀರು ಬಿದ್ದರೂ ಅದನ್ನೇ ಬೆರಳು ಅಂದುಕೊಳ್ಳುತ್ತದೆ. ನಾಬ್‌ಗೆ ಆ ತಾಪತ್ರಯ ಇಲ್ಲ.

ಗಾಜಿನಮೇಲೆಬೆರಳು

ಬೇಸ್‌ಕಟ್ ಹೇಳಿದ್ದು ಬೇಸ್ ಮಟ್ಟಿಗೆ ನಿಜ. ಆದರೆ ಟ್ಯಾಬ್ಲೆಟ್ ಅಂದರೆ ಕಂಟ್ರೋಲರ್‌ನ ಬಡ ತಮ್ಮ ಅನ್ನುವ ಹಾಗೆ ಮಾತು ಹೋಗುತ್ತಿದೆ. ಅದನ್ನು ನಾನು ಒಪ್ಪಲ್ಲ. ನಾನು ಟ್ಯಾಬ್ಲೆಟ್‌ನಲ್ಲೇ ಪ್ಲೇ ಮಾಡುವವನು, ಕಂಟ್ರೋಲರ್ ಕೊಳ್ಳಲಾಗದೆ ಅಲ್ಲ, ಇಷ್ಟಪಟ್ಟು.

ಆಲ್ಗೊರಿಡಿಮ್ ಅನ್ನುವ ಕಂಪನಿಯವರು ಐಪ್ಯಾಡ್‌ಗೆ ಡಿಜೇ ಆ್ಯಪ್ ತಂದಿದ್ದು 2010ರ ಕೊನೆಯಲ್ಲಿ. ಆಗ ಪರದೆ ಮೇಲೆ ಎರಡು ರೆಕಾರ್ಡ್ ತಿರುಗುತ್ತಿದ್ದವು, ನೋಡೋಕೆ ಚೆಂದ, ಅಷ್ಟೇ. 2020ರಲ್ಲಿ ನ್ಯೂರಲ್ ಮಿಕ್ಸ್ ಬಂದ ಮೇಲೆ ಕಥೆ ಬೇರೆಯಾಯಿತು. ಹಾಡು ಪ್ಲೇ ಆಗುತ್ತಿರುವಾಗಲೇ ಡ್ರಮ್ಸ್, ಹಾಡುವ ದನಿ, ಉಳಿದ ವಾದ್ಯಗಳನ್ನು ಬೇರೆ ಬೇರೆ ಮಾಡಿಕೊಡುತ್ತದೆ. ಹಳೇ ಹಾಡಿನ ದನಿ ಮಾತ್ರ ಉಳಿಸಿಕೊಂಡು ಅದರ ಕೆಳಗೆ ಹೊಸ ಹಾಡಿನ ಡ್ರಮ್ಸ್ ಬಿಡಬಹುದು. ಇದು ಗೊತ್ತಿದ್ದವನಿಗೆ ಬೇಸ್ ಅದಲು ಬದಲು ಒಂದೇ ದಾರಿ ಅಲ್ಲ.

ಇನ್ನೊಂದು, ಎಫೆಕ್ಟ್ ಪ್ಯಾಡ್. ಬೆರಳನ್ನು ಅಡ್ಡಡ್ಡ ಎಳೆದರೆ ಒಂದು ಬದಲಾಗುತ್ತದೆ, ಉದ್ದುದ್ದ ಎಳೆದರೆ ಇನ್ನೊಂದು. ಓರೆಯಾಗಿ ಎಳೆದರೆ ಎರಡೂ ಒಟ್ಟಿಗೆ. ಇದನ್ನೇ ಕಂಟ್ರೋಲರ್‌ನಲ್ಲಿ ಮಾಡಲು ಎರಡು ನಾಬ್ ಬೇಕು, ಎರಡು ಕೈ ಬೇಕು. ಹಾಡಿನ ಯಾವುದೋ ಜಾಗಕ್ಕೆ ಹಾರಬೇಕು ಅಂದರೆ ವೇವ್‌ಫಾರ್ಮ್‌ನಲ್ಲಿ ಆ ಜಾಗವನ್ನೇ ಮುಟ್ಟಿದರೆ ಆಯಿತು. ಹಾಡು ಹುಡುಕುವುದಂತೂ ಕೇಳಲೇಬೇಡಿ, ಹೆಸರು ಟೈಪ್ ಮಾಡಿದರೆ ಸಿಕ್ಕಿತು. ಯಾರೋ ಬಂದು ಒಂದು ಹಾಡು ಕೇಳಿದಾಗ, ನಾಬ್ ತಿರುಗಿಸಿ ತಿರುಗಿಸಿ ಪಟ್ಟಿ ಇಳಿಸುವವನಿಗೂ ನನಗೂ ಇರುವ ವ್ಯತ್ಯಾಸ ಅದು.

ಕಂಟ್ರೋಲರ್‌ನವರು ಹೇಳದ ಒಂದು ಮಾತೂ ಇದೆ. ಪರದೆ ಮೇಲಿನ ನಾಬ್ ಎಲ್ಲಿ ಕಾಣುತ್ತದೋ ಸದ್ದು ಅಲ್ಲೇ ಇರುತ್ತದೆ. ಕಂಟ್ರೋಲರ್‌ನಲ್ಲಿ ಹಾಗಲ್ಲ. ನಾಲ್ಕು ಡೆಕ್ (ಒಂದೊಂದರಲ್ಲಿ ಒಂದು ಹಾಡು) ಇಟ್ಟುಕೊಂಡು ಒಂದೇ ಫೇಡರ್‌ನಲ್ಲಿ 1ನೇ ಡೆಕ್‌ನಿಂದ 3ನೆಯದಕ್ಕೆ ಹಾರಿದಾಗ ಫೇಡರ್ ಕೆಳಗಿರುತ್ತದೆ, ಆ್ಯಪ್‌ನಲ್ಲಿ ಮೇಲಿರುತ್ತದೆ. ಸಾಫ್ಟ್ ಟೇಕ್‌ಓವರ್ (ಎರಡರ ಮಟ್ಟ ಸೇರುವವರೆಗೂ ಫೇಡರ್ ಕೆಲಸ ಮಾಡದಂತೆ ತಡೆಯುವ ಏರ್ಪಾಡು) ಇಲ್ಲದಿದ್ದರೆ ಮುಟ್ಟಿದ ತಕ್ಷಣ ಸದ್ದು ಧಡಕ್ ಅಂತ ಜಿಗಿಯುತ್ತದೆ.

ಟ್ಯಾಬ್ಲೆಟ್‌ನಲ್ಲೇ ಹೋಗುವುದಾದರೆ ಮೊದಲು ಸೆಟ್ಟಿಂಗ್ಸ್ ನೋಡಿಕೊಳ್ಳಿ. ನಾಲ್ಕೈದು ಬೆರಳು ಒಟ್ಟಿಗೆ ಆಡಿಸಿದರೆ ಆ್ಯಪ್‌ನಿಂದ ಹೊರಗೆ ಬೀಳುವ ಸನ್ನೆಗಳನ್ನು ಆಫ್ ಮಾಡಿ. ಗೈಡೆಡ್ ಆ್ಯಕ್ಸೆಸ್ ಹಾಕಿದರೆ ಇನ್ನೂ ಒಳ್ಳೆಯದು, ಆ ಆ್ಯಪ್ ಬಿಟ್ಟು ಆಚೆ ಹೋಗಲು ಬರುವುದೇ ಇಲ್ಲ. ನೋಟಿಫಿಕೇಶನ್ ಎಲ್ಲ ಬಂದ್. ಏರ್‌ಪ್ಲೇನ್ ಮೋಡ್ ಹಾಕಿ, ಅಂದರೆ ಹಾಡುಗಳು ಟ್ಯಾಬ್ಲೆಟ್ ಒಳಗೇ ಇರಬೇಕು. ಸ್ಟ್ರೀಮಿಂಗ್ ನಂಬಿ ನಾಲ್ಕು ಗಂಟೆ ಕೆಲಸ ಒಪ್ಪಿಕೊಳ್ಳಬೇಡಿ. 2020ರ ಜುಲೈನಲ್ಲಿ ಸ್ಪಾಟಿಫೈ ಡಿಜೆ ಆ್ಯಪ್‌ಗಳಲ್ಲಿ ನಿಂತೇ ಹೋಯಿತು, ಮತ್ತೆ ಬರಲು 2025 ಆಗಬೇಕಾಯಿತು. ಅದನ್ನೇ ನೆಚ್ಚಿಕೊಂಡು ಪ್ಲೇಲಿಸ್ಟ್ ಕಟ್ಟಿದವರ ಕೈಯಲ್ಲಿ ಅಷ್ಟು ವರ್ಷ ಏನೂ ಇರಲಿಲ್ಲ. ನಿಮ್ಮ ಫೈಲ್ ನಿಮ್ಮ ಹತ್ತಿರ ಇರಲಿ.

ಸೌಂಡ್‌ಚೆಕ್

ನಾನು ಡಿಜೆ ಅಲ್ಲ, ಸೌಂಡ್ ಮಾಡುವವನು. ಡಿಜೆಗಳು ತರುವ ತರಾವರಿ ಸಾಮಾನು ಮಿಕ್ಸರ್‌ಗೆ ಸಿಗಿಸುವುದು ನನ್ನ ಕೆಲಸ. ನೀವಿಬ್ಬರೂ ಬೆರಳಿನ ವಿಷಯದಲ್ಲೇ ನಿಂತಿದ್ದೀರಿ. ನನ್ನ ಪ್ರಕಾರ ಮೊದಲ ಪ್ರಶ್ನೆ ಅದಲ್ಲ. ಸದ್ದು ಯಾವ ತೂತಿನಿಂದ ಹೊರಗೆ ಬರುತ್ತದೆ?

ಡಿಜೆಗೆ ಎರಡು ದಾರಿ ಬೇಕು. ಒಂದು ಜನರಿಗೆ, ಇನ್ನೊಂದು ಹೆಡ್‌ಫೋನ್‌ಗೆ. ಪ್ರತಿಯೊಂದೂ ಸ್ಟೀರಿಯೊ ಅಂದರೆ ನಾಲ್ಕು ಚಾನೆಲ್. ಟ್ಯಾಬ್ಲೆಟ್‌ನಿಂದ ನೇರವಾಗಿ ಸಿಗುವುದು ಎರಡೇ. ಅದಕ್ಕೇ ಸ್ಪ್ಲಿಟ್ ಕೇಬಲ್ ಅಂತ ಒಂದು ಉಪಾಯ ಮಾಡಿದ್ದಾರೆ. ಎಡಗಡೆಯದು ಸ್ಪೀಕರ್‌ಗೆ, ಬಲಗಡೆಯದು ಹೆಡ್‌ಫೋನ್‌ಗೆ. ಕೆಲಸ ಆಗುತ್ತದೆ, ಆದರೆ ಎರಡೂ ಮೋನೊ. ಕ್ಲಬ್‌ನಲ್ಲಿ ಮೋನೊ ಅಷ್ಟು ದೊಡ್ಡ ನಷ್ಟ ಏನಲ್ಲ, ಎಷ್ಟೋ ಹಾಲ್‌ಗಳಲ್ಲಿ ಸಿಸ್ಟಂ ಮೋನೊನಲ್ಲೇ ಓಡುತ್ತಿರುತ್ತದೆ. ಆದರೆ ಒಂದು ವಿಷಯ ಸೌಂಡ್‌ನವರಿಗೆ ಮೊದಲೇ ಹೇಳಬೇಕು. ಅವರು ಎರಡು ಚಾನೆಲ್ ಬರುತ್ತದೆ ಅಂದುಕೊಂಡು ಎರಡನ್ನೂ ತೆರೆದರೆ ನೀವು ಹೆಡ್‌ಫೋನ್‌ನಲ್ಲಿ ಕೇಳಬೇಕಾದ ಮುಂದಿನ ಹಾಡು ಹಾಲ್‌ಗೆಲ್ಲ ಕೇಳಿಸುತ್ತದೆ.

ಸರಿಯಾದ ದಾರಿ ನಾಲ್ಕು ಔಟ್‌ಪುಟ್ ಇರುವ ಸೌಂಡ್ ಕಾರ್ಡ್. ಕ್ಲಾಸ್ ಕಂಪ್ಲಯಂಟ್ ಆಗಿದ್ದರೆ ಬೇರೆ ಡ್ರೈವರ್ ಬೇಡ, ಟ್ಯಾಬ್ಲೆಟ್‌ಗೆ ಸಿಗಿಸಿದರೆ ಸಾಕು. ಎಷ್ಟೋ ಕಂಟ್ರೋಲರ್‌ಗಳ ಒಳಗೆ ಈ ಕಾರ್ಡ್ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಉದಾಹರಣೆಗೆ 2019ರಲ್ಲಿ ಬಂದ ಪಯೋನಿಯರ್ ಡಿಡಿಜೆ-200ರಲ್ಲಿ ಕಾರ್ಡ್ ಇಲ್ಲ, ಅದರ ಜೊತೆ ಸ್ಪ್ಲಿಟ್ ಕೇಬಲ್ಲನ್ನೇ ಕೊಡುತ್ತಿದ್ದರು. ಡಿಡಿಜೆ-ಎಫ್‌ಎಲ್‌ಎಕ್ಸ್4ರಲ್ಲಿ ಇದೆ. ನೋಡೋಕೆ ಎರಡೂ ಒಂದೇ ಥರ, ಹಿಂದೆ ತಿರುಗಿಸಿ ನೋಡಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ಹೆಡ್‌ಫೋನ್ ಬೇಡ, ವೇವ್‌ಫಾರ್ಮ್ ನೋಡಿ ಮಾಡುತ್ತೇನೆ ಅನ್ನುವುದಕ್ಕೂ ಒಂದು ಮಾತು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮುಖ್ಯ ಸ್ಪೀಕರ್ ನಿಮ್ಮಿಂದ 10 ಮೀಟರ್ ದೂರ ಇದ್ದರೆ ನಿಮಗೆ ಕೇಳಿಸುವುದು ಸುಮಾರು 29 ಮಿಲಿಸೆಕೆಂಡ್ ತಡವಾಗಿ. ಜೊತೆಗೆ ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಬೇರೆ. ದೊಡ್ಡ ಹಾಲ್‌ನಲ್ಲಿ ಬೀಟ್ ಸೇರಿದೆಯಾ ಇಲ್ಲವಾ ಅಂತ ಬರೀ ಹಾಲ್‌ನ ಸದ್ದು ಕೇಳಿ ಹೇಳುವುದು ಕಷ್ಟ. ಅದಕ್ಕೇ ಡಿಜೆ ಪಕ್ಕ ಒಂದು ಮಾನಿಟರ್ ಇಡುವುದು, ಅದಕ್ಕೇ ಹೆಡ್‌ಫೋನ್. ಸಿಂಕ್ ಒತ್ತುವವರಿಗೂ ಬೇಕು. ಯಾಕೆಂದರೆ ಆ್ಯಪ್ ಬೀಟ್ ಗ್ರಿಡ್ (ಬೀಟ್ ಎಲ್ಲೆಲ್ಲಿದೆ ಅಂತ ತೋರಿಸುವ ಗೆರೆಗಳು) ತಪ್ಪಾಗಿ ಎಳೆದಿದ್ದರೆ ಸಿಂಕ್ ಆ ತಪ್ಪನ್ನೇ ಪಾಲಿಸುತ್ತದೆ. ನಿಜವಾದ ಡ್ರಮ್ಮರ್ ಬಾರಿಸಿದ ಹಳೇ ಡಿಸ್ಕೊ ಹಾಡುಗಳಲ್ಲಿ ವೇಗ ಅತ್ತಿತ್ತ ಆಗುತ್ತಿರುತ್ತದೆ, ಅಲ್ಲಿ ಇದು ಜಾಸ್ತಿ. ನೀವು ಡಿಸ್ಕೊ ಹಾಕುತ್ತೀರಿ ಅಂದಿರಿ.

ಎರಡನೇಡೆಕ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೌಂಡ್‌ಚೆಕ್ ಅವರೇ, ನನ್ನ ಐಪ್ಯಾಡ್‌ನಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ, ಇರುವುದು ಒಂದೇ ಯುಎಸ್‌ಬಿ-ಸಿ. ಹಾಗಾದರೆ ಹೆಡ್‌ಫೋನ್ ಬ್ಲೂಟೂತ್‌ನಲ್ಲಿ ಹಾಕಿಕೊಂಡು, ಯುಎಸ್‌ಬಿ-ಸಿಯಿಂದ ಸ್ಪೀಕರ್‌ಗೆ ಕೊಟ್ಟರೆ ಆಗಲ್ವಾ? ಮತ್ತೆ ಕಂಟ್ರೋಲರನ್ನು ಬ್ಲೂಟೂತ್‌ನಲ್ಲಿ ಸೇರಿಸಬಹುದು ಅಂತಾರಲ್ಲ, ಅದು ಹೇಗೆ?

ಸೌಂಡ್‌ಚೆಕ್

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸದ್ದು 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 128 ಬಿಪಿಎಂನಲ್ಲಿ ಒಂದು ಬೀಟ್‌ನಿಂದ ಇನ್ನೊಂದಕ್ಕೆ ಇರುವ ಅಂತರವೇ ಸುಮಾರು 469 ಮಿಲಿಸೆಕೆಂಡ್. ತಡ 200 ಆದರೂ ನಿಮ್ಮ ಕಿವಿಯ ಕಿಕ್ ಎರಡು ಬೀಟ್‌ಗಳ ನಡುವೆ ಎಲ್ಲೋ ಬೀಳುತ್ತದೆ. ತಂತಿಯಲ್ಲಿ ಹೋದರೆ ಇಷ್ಟಿರಲ್ಲ. ಸದ್ದನ್ನು ಕಳಿಸುವ ಮೊದಲು ಕೂಡಿಡುವ ಬಫರ್ 44,100 ಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಅಂದರೆ 6 ಮಿಲಿಸೆಕೆಂಡ್‌ಗೂ ಸ್ವಲ್ಪ ಕಡಿಮೆ, ಕಿವಿಗೆ ಗೊತ್ತೇ ಆಗಲ್ಲ.

ಕಂಟ್ರೋಲರ್ ಬ್ಲೂಟೂತ್‌ನದು ಬೇರೆ ವಿಷಯ. ಅಲ್ಲಿ ಹೋಗುವುದು ಸದ್ದಲ್ಲ, ಮಿಡಿ ಸಂದೇಶ. ಈ ನಾಬ್ ಇಷ್ಟು ತಿರುಗಿತು, ಈ ಬಟನ್ ಒತ್ತಿದರು, ಅಷ್ಟೇ ಮಾಹಿತಿ. ಮನೆಯಲ್ಲಿ ಅಭ್ಯಾಸಕ್ಕೆ ಚೆನ್ನಾಗಿದೆ. ಜನರ ಮುಂದೆ ಕೇಬಲ್ ಹಾಕಿ. ನೂರಾರು ಫೋನ್‌ಗಳಿರುವ ಹಾಲ್‌ನಲ್ಲಿ ರೇಡಿಯೊ ಮೇಲೆ ಭಾರ ಹಾಕಬಾರದು.

ಒಂದೇ ಯುಎಸ್‌ಬಿ-ಸಿ ಇರುವುದರಿಂದ ನಿಮಗೆ ಚಾರ್ಜ್ ಆಗುವ ಹಬ್ ಬೇಕು. ಟ್ಯಾಬ್ಲೆಟ್‌ಗೆ ಹಬ್, ಹಬ್‌ಗೆ ಒಂದು ಕಡೆ ಚಾರ್ಜರ್, ಇನ್ನೊಂದು ಕಡೆ ಕಂಟ್ರೋಲರ್. ಇದಿಲ್ಲದೆ ಹೋದರೆ ಕಂಟ್ರೋಲರ್ ಕೂಡ ಟ್ಯಾಬ್ಲೆಟ್‌ನ ಬ್ಯಾಟರಿಯನ್ನೇ ತಿನ್ನುತ್ತದೆ.

ಉಲ್ಟಾರೆಕಾರ್ಡ್

ಸ್ಕ್ರ್ಯಾಚ್ (ರೆಕಾರ್ಡನ್ನು ಹಿಂದೆ ಮುಂದೆ ಆಡಿಸಿ ಸದ್ದು ಹೊರಡಿಸುವುದು) ಬಗ್ಗೆ ಯಾರೂ ಬರೆದಿಲ್ಲ, ಹಿಪ್‌ಹಾಪ್ ಹಾಕುತ್ತೀರಿ ಅಂತ ಕಂಡು ಹೇಳುತ್ತಿದ್ದೇನೆ.

ಗಾಜಿನ ಮೇಲೆ ಸ್ಕ್ರ್ಯಾಚ್ ಬರುತ್ತದೆ, ಕಲಿಯಲು ಮಾತ್ರ ಆಗುವುದಿಲ್ಲ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಇವತ್ತಿಗೂ ಅಳತೆಗೋಲಾಗಿ ಉಳಿದಿರುವುದು ಅದರ ಮೋಟಾರಿನ ಎಳೆತದಿಂದ. ರೆಕಾರ್ಡ್ ಹಿಡಿದರೆ ಕೆಳಗೆ ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ತಿರುಗುತ್ತಲೇ ಇರುತ್ತದೆ, ಬಿಟ್ಟ ಕೂಡಲೇ ರೆಕಾರ್ಡ್ ಅದರ ವೇಗ ಹಿಡಿಯುತ್ತದೆ. ಆ ಎಳೆತದ ವಿರುದ್ಧ ಕೈ ಆಡಿಸಿ ಆಡಿಸಿಯೇ ಕೈಗೆ ಲಯ ಹತ್ತುವುದು. ಸಣ್ಣ ಕಂಟ್ರೋಲರ್‌ನಲ್ಲಿ ಕೈಯಿಂದ ತಿರುಗಿಸುವ ಚಕ್ರ, ಅಂದರೆ ಜಾಗ್ ವೀಲ್‌ನಲ್ಲೂ ಈ ಎಳೆತ ಇಲ್ಲ, ಆದರೆ ತೂಕ, ಅಂಚು ಇದೆ. ರೇನ್ ಒನ್ ಥರದ ಮೋಟಾರ್ ಇರುವ ಕಂಟ್ರೋಲರ್‌ಗಳಲ್ಲಿ ಎಳೆತವೂ ಇದೆ. ಗಾಜಿನಲ್ಲಿ ಏನೂ ಇಲ್ಲ.

ಹಾಡಿನ ವೇಗ ಹೊಂದಿಸುವ ಟೆಂಪೊ ಫೇಡರ್ ಬಗ್ಗೆಯೂ ಹೇಳಬೇಕು. ಎರಡು ಹಾಡಿನ ವೇಗದಲ್ಲಿ 0.1 ಶೇಕಡಾ ವ್ಯತ್ಯಾಸ ಇದ್ದರೆ ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್ ಬೇರೆಯಾಗುತ್ತದೆ. ಎರಡು ಕಿಕ್ ಒಟ್ಟಿಗೆ ಬೀಳುವ ಬದಲು ದಡಬಡ ಅನ್ನುತ್ತವೆ. ಹಳೇ ಲೆಕ್ಕದ 7 ಬಿಟ್ ಮಿಡಿಯಲ್ಲಿ ಇಡೀ ಫೇಡರ್‌ಗೆ ಸಿಗುವುದು 128 ಮೆಟ್ಟಿಲು. ಪ್ಲಸ್ 8 ಮೈನಸ್ 8 ಶೇಕಡಾ ಹರವಿಗೆ ಒಂದೊಂದು ಮೆಟ್ಟಿಲು ಸುಮಾರು 0.125 ಶೇಕಡಾ. ಅಂದರೆ ಸಿಂಕ್ ಇಲ್ಲದೆ ಸೇರಿಸಲು ಅದು ಸಾಲದು. 14 ಬಿಟ್‌ನಲ್ಲಿ 16,384 ಮೆಟ್ಟಿಲು, ಆಮೇಲೆ ಚಿಂತೆ ಇಲ್ಲ. ಕೊಳ್ಳುವಾಗ ಟೆಂಪೊ ಫೇಡರ್ ಎಷ್ಟು ಉದ್ದ, ಎಷ್ಟು ಬಿಟ್ ಅಂತ ಕೇಳಿ. ಮಿಣಮಿಣ ಲೈಟ್ ಎಷ್ಟಿದೆ ಅನ್ನುವುದಕ್ಕಿಂತ ಇದು ಮುಖ್ಯ. ಟ್ಯಾಬ್ಲೆಟ್ ಪರದೆಯಲ್ಲಿ ಟೆಂಪೊ ಸ್ಲೈಡರ್ ಮೇಲೆ ಬೆರಳಿಟ್ಟು 0.1 ಶೇಕಡಾ ಸರಿಸುವುದು ನನಗಂತೂ ಹಿಂಸೆ, ಬೆರಳು ಎತ್ತುವಾಗಲೇ ಅದು ಅಲುಗಿಬಿಡುತ್ತದೆ.

ಗಾಜಿನಮೇಲೆಬೆರಳು

ಸ್ಕ್ರ್ಯಾಚ್, ಟೆಂಪೊ ಎರಡನ್ನೂ ಒಪ್ಪಿದೆ. ಆದರೆ ಹಾಲ್‌ಗೆ ಕರೆದವರು ಇವರಿಂದ ಸ್ಕ್ರ್ಯಾಚ್ ಕೇಳುತ್ತಿಲ್ಲ, ನಾಲ್ಕು ಗಂಟೆ ಜನ ಕುಣಿಯಬೇಕು ಅಂತ ಕೇಳುತ್ತಿದ್ದಾರೆ ಅಲ್ವಾ? ಅದಕ್ಕೆ ಹಾಡಿನ ಆಯ್ಕೆ ಮುಖ್ಯ, ಆಮೇಲೆ ಉಳಿದಿದ್ದು.

ಒಂದು ಎಚ್ಚರಿಕೆ ನಾನೂ ಸೇರಿಸುತ್ತೇನೆ. ಬಿಸಿ. ಐಪ್ಯಾಡನ್ನು ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟದ ಕಡೆ ಬಳಸಿ ಅಂತ ಆ್ಯಪಲ್‌ನವರೇ ಹೇಳುತ್ತಾರೆ. ಚಾರ್ಜ್ ಆಗುತ್ತಾ, ಪರದೆ ಪೂರ್ತಿ ಬೆಳಗುತ್ತಾ, ನ್ಯೂರಲ್ ಮಿಕ್ಸ್ ಓಡುತ್ತಾ ಇದ್ದರೆ ಒಳಗೇ ಬಿಸಿ ಏರುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಮಿತಿ ಮೀರಿದರೆ ತಣ್ಣಗಾಗುವವರೆಗೂ ಬಳಸಲು ಬಿಡುವುದಿಲ್ಲ. ದಪ್ಪ ಕವರ್ ತೆಗೆಯಿರಿ. ಲೈಟ್‌ಗಳ ನೇರಕ್ಕೆ ಇಡಬೇಡಿ. ಹಗಲು ಬಯಲಲ್ಲಿ ಬಿಸಿಲಿಗೆ ಇಡುವ ಕೆಲಸ ಆಗಿದ್ದರೆ ಟ್ಯಾಬ್ಲೆಟ್ ತರಬೇಡಿ ಅಂತ ನಾನೇ ಹೇಳುತ್ತಿದ್ದೆ.

ಬೇಸ್‌ಕಟ್

ಹಾಡಿನ ಆಯ್ಕೆ ಮುಖ್ಯ ಅನ್ನುವುದಕ್ಕೆ ನನ್ನದೂ ಸಹಮತ. ಅದಕ್ಕೇ ಕಣ್ಣು ಬಿಡುವಾಗಿರಬೇಕು ಅನ್ನುವುದು. ಜನ ಪಕ್ಕಕ್ಕೆ ಸರಿಯುತ್ತಿದ್ದಾರಾ, ಮುಂದೆ ಬರುತ್ತಿದ್ದಾರಾ ಅಂತ ನೋಡದೆ ಮುಂದಿನ ಹಾಡು ಆರಿಸುವುದು ಹೇಗೆ? ಪರದೆಯಲ್ಲೇ ಬೇಸ್ ಹುಡುಕುತ್ತಿದ್ದರೆ ತಲೆ ಎತ್ತುವುದು ಯಾವಾಗ?

ಹಾಗಾಗಿ ಎರಡನೇಡೆಕ್ ಅವರಿಗೆ ನನ್ನ ಸಲಹೆ ಇದು. ಐಪ್ಯಾಡ್ ಬಿಡಬೇಡಿ. ಹಾಡು ಹುಡುಕುವುದು, ನ್ಯೂರಲ್ ಮಿಕ್ಸ್, ಎಫೆಕ್ಟ್ ಪರದೆಯಲ್ಲೇ ಇರಲಿ, ಅದು ಅಲ್ಲೇ ಚೆಂದ. ಫೇಡರ್, ಈಕ್ಯೂ (ಬೇಸ್, ಹೈ ನಾಬ್‌ಗಳು), ಕ್ಯೂ ಬಟನ್ (ಹಾಡನ್ನು ಹೆಡ್‌ಫೋನ್‌ಗೆ ಕೊಡುವುದು) ಮಾತ್ರ ಕೈಗೆ ಸಿಗುವ ಹಾಗೆ, ಒಳಗೆ ಸೌಂಡ್ ಕಾರ್ಡ್ ಇರುವ ಎರಡು ಚಾನೆಲ್‌ನ ಸಣ್ಣ ಕಂಟ್ರೋಲರ್ ಒಂದು ತಂದುಕೊಳ್ಳಿ. ದೊಡ್ಡದು ಬೇಡ. ಮೊದಲು ಯಾರ ಹತ್ತಿರವಾದರೂ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಆ್ಯಪ್ ಆ ಮಾಡೆಲ್ಲನ್ನು ನೇರವಾಗಿ ಗುರುತಿಸುತ್ತದಾ ಅಂತ ಮಾತ್ರ ಮೊದಲೇ ನೋಡಿ, ಒಂದೊಂದು ನಾಬ್‌ಗೂ ನೀವೇ ಮ್ಯಾಪಿಂಗ್ ಮಾಡುತ್ತಾ ಕೂರುವ ಹೊತ್ತು ಇದಲ್ಲ.

ಬಂದ ಮೇಲೆ ಇಷ್ಟು ಮಾಡಿ. ಸಿಂಕ್ ಇರಲಿ, ತೊಂದರೆ ಇಲ್ಲ. ಪರದೆ ಮೇಲೆ ಒಂದು ಬಟ್ಟೆ ಹೊದಿಸಿ, ಬರೀ ಹೆಡ್‌ಫೋನ್ ಮತ್ತು ನಾಬ್ ನಂಬಿ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿ. ಬೇಸ್ ಬದಲಾಗುವ ಕ್ಷಣ ಕಿವಿಗೆ ಗೊತ್ತಾಗುವವರೆಗೂ ಅದನ್ನೇ ಮಾಡಿ.

ಎರಡನೇಡೆಕ್

ಸರಿ, ಹಾಗೇ ಮಾಡುತ್ತೇನೆ. ಗೆಳತಿ ಒಬ್ಬಳ ಹತ್ತಿರ ಎಫ್‌ಎಲ್‌ಎಕ್ಸ್4 ಇದೆ, ಕೊಡುತ್ತೇನೆ ಅಂದಿದ್ದಾಳೆ. ಹಬ್ ನಾನೇ ತೆಗೆದುಕೊಳ್ಳುತ್ತೇನೆ. ಹಾಲ್‌ನವರ ಮಿಕ್ಸರ್‌ಗೆ ಕೊಡಲು ಯಾವ ಕೇಬಲ್ ಒಯ್ಯಬೇಕು?

ಸೌಂಡ್‌ಚೆಕ್

ಅದರ ಮಾಸ್ಟರ್ ಔಟ್ ಆರ್‌ಸಿಎ, ಕೆಂಪು ಬಿಳಿ ಜೋಡಿ. ಆರ್‌ಸಿಎಯಿಂದ ಕಾಲಿಂಚು ಜ್ಯಾಕ್‌ಗೆ ಹೋಗುವ ಕೇಬಲ್ ಒಂದು ಜೊತೆ ಒಯ್ಯಿರಿ, ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ. ಉದ್ದ ಎಳೆಯಬೇಡಿ, ಆ ಕೇಬಲ್ ಬ್ಯಾಲೆನ್ಸ್ಡ್ (ಹೊರಗಿನ ಗದ್ದಲ ತಡೆಯುವ ಥರದ್ದು) ಅಲ್ಲ, ಉದ್ದ ಆದಷ್ಟೂ ಹಮ್ ಸೇರಿಕೊಳ್ಳುತ್ತದೆ. ಮಿಕ್ಸರ್ ದೂರ ಇದ್ದರೆ ಸಿಗ್ನಲ್ಲನ್ನು ಬ್ಯಾಲೆನ್ಸ್ಡ್ ಮಾಡುವ ಡಿಐ ಬಾಕ್ಸ್ ಕೊಡಿ ಅಂತ ಅಲ್ಲಿನ ಸೌಂಡ್‌ನವರನ್ನು ಕೇಳಿ, ಅವರ ಹತ್ತಿರ ಇದ್ದೇ ಇರುತ್ತದೆ. ಚಾರ್ಜರ್ ಸಿಗಿಸಿದಾಗ ಸ್ಪೀಕರ್‌ನಲ್ಲಿ ಕಿರ್ ಅನ್ನುವ ಸದ್ದು ಬಂದರೂ ಅದೇ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ (ಗ್ರೌಂಡ್ ಸಂಪರ್ಕ ಕಡಿಯುವ ಸ್ವಿಚ್) ಒತ್ತಿದರೆ ಬಹಳ ಸಲ ಹೋಗುತ್ತದೆ. ಹೊಸ ಹಬ್‌ನಲ್ಲಿ ಎಲ್ಲ ಸಿಗಿಸಿ ಮನೆಯಲ್ಲೇ ನಾಲ್ಕು ಗಂಟೆ ಪೂರ್ತಿ ಓಡಿಸಿ ನೋಡಿ. ಬ್ಯಾಟರಿ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಆಗ ತಿಳಿಯುತ್ತದೆ. ಇಳಿಯುತ್ತಿದ್ದರೆ ಚಾರ್ಜರ್ ಬದಲಾಯಿಸಿ.